ಮನೆ ದಲ್ಲಾಳಿಯ ಷೇರು

ಲಂಡನ್ನಿನ ಮನೆ ದಲ್ಲಾಳಿ ಕಂಪನಿ ಫಾಕ್ಸ್‌ಟನ್ಸ್ 2013ರ ಸೆಪ್ಟೆಂಬರಿನಲ್ಲಿ ಷೇರುಪೇಟೆಗೆ ಬಂದಾಗ ಒಂದು ಷೇರಿನ ಬೆಲೆ 230 ಪೆನ್ಸ್. ಆರು ತಿಂಗಳೊಳಗೆ ಅದು 400 ಪೆನ್ಸಿನ ಹತ್ತಿರಕ್ಕೆ ಹೋಯಿತು. 2016ರ ಬಳಿಕ ಆ ಮೊದಲ ಬೆಲೆಯನ್ನೂ ಅದು ಮತ್ತೆ ಮುಟ್ಟಿಲ್ಲ. 2017ರ ನಡುವಿನಿಂದ ಒಂದು ಪೌಂಡಿಗಿಂತ, ಅಂದರೆ 100 ಪೆನ್ಸಿಗಿಂತ, ಕೆಳಗೇ ಉಳಿದಿದೆ. ಇಷ್ಟು ವರ್ಷಗಳಲ್ಲಿ ಲಂಡನ್ನಿನ ಮನೆಗಳೇನೂ ಅಗ್ಗವಾಗಿಲ್ಲ, 2013ರ ಬೆಲೆಗಿಂತ ಮೇಲೆಯೇ ಇವೆ. ಮನೆಯ ಬೆಲೆ ಏರಿದರೆ ಮನೆ ಮಾರಿಸಿಕೊಡುವವನ ಷೇರೂ ಏರಬೇಕು ಎಂದು ಕೊಂಡ ಸಣ್ಣ ಹೂಡಿಕೆದಾರರ ಲೆಕ್ಕ ತಪ್ಪಿದ್ದು ಇಲ್ಲಿ.

ದಲ್ಲಾಳಿ ಕಂಪನಿಯ ಕೈಯಲ್ಲಿ ಮನೆ ಇರುವುದಿಲ್ಲ, ಅದಕ್ಕೆ ದಕ್ಕುವುದು ಕಮಿಷನ್ ಮಾತ್ರ. ಇಂಗ್ಲೆಂಡಿನಲ್ಲಿ ಅದನ್ನು ಕೊಡುವವರು ಮಾರುವವರು. ಫಾಕ್ಸ್‌ಟನ್ಸ್ ಬಹುಕಾಲ ಮಾರಾಟದ ಬೆಲೆಯ ಶೇ 2.5 ಮತ್ತು ಅದರ ಮೇಲೆ ವ್ಯಾಟ್ ಕೇಳುತ್ತಿತ್ತು. ಲಂಡನ್ನಿನ ಮಟ್ಟಕ್ಕೂ ಇದು ದುಬಾರಿ. ಬೆಲೆ ಶೇ 10ರಷ್ಟು ಇಳಿದು, ಮಾರಾಟವಾದ ಮನೆಗಳ ಸಂಖ್ಯೆ ಹಾಗೇ ಉಳಿದರೆ ಕಮಿಷನ್ನೂ ಶೇ 10ರಷ್ಟೇ ಇಳಿಯುತ್ತದೆ. ಆದರೆ ಮನೆಪೇಟೆ ಕೆಡುವುದು ಹಾಗಲ್ಲ. ಮಾಲೀಕರು ಕಡಿಮೆ ಬೆಲೆಗೆ ಕೊಡುವುದಕ್ಕಿಂತ ಕೊಡದೆ ಕೂರುವುದನ್ನೇ ಆರಿಸಿಕೊಳ್ಳುತ್ತಾರೆ. ಹಾಗಾಗಿ ಮೊದಲು ಇಳಿಯುವುದು ಕ್ರಯಪತ್ರಗಳ ಸಂಖ್ಯೆ. ಬೆಲೆ ಇಳಿಯುವುದು ಆಮೇಲೆ, ಅದೂ ಕಡಿಮೆ. 2007ರಲ್ಲಿ ಬ್ರಿಟನ್ನಿನಲ್ಲಿ ಸುಮಾರು 16 ಲಕ್ಷ ಮನೆಗಳು ಕೈ ಬದಲಿಸಿದವು. 2009ರಲ್ಲಿ ಆ ಸಂಖ್ಯೆ 9 ಲಕ್ಷವನ್ನೂ ಮುಟ್ಟಲಿಲ್ಲ. ಅದೇ ಬಿಕ್ಕಟ್ಟಿನಲ್ಲಿ ಬೆಲೆ ಬಿದ್ದದ್ದು ಸುಮಾರು ಐದನೇ ಒಂದು ಭಾಗ. ಬೆಲೆಯ ಸೂಚ್ಯಂಕ ನೋಡುತ್ತಾ ಕುಳಿತವರಿಗೆ ದಲ್ಲಾಳಿಯ ಕಷ್ಟ ಅರ್ಧವೂ ಕಾಣಿಸುವುದಿಲ್ಲ.

ಕಂಪನಿಯನ್ನು 1981ರಲ್ಲಿ ನಾಟಿಂಗ್ ಹಿಲ್‌ನಲ್ಲಿ ಶುರುಮಾಡಿದ ಜಾನ್ ಹಂಟ್ ಅದನ್ನು ಬಿಸಿ ಪಾರ್ಟ್‌ನರ್ಸ್ ಎಂಬ ಹೂಡಿಕೆ ಸಂಸ್ಥೆಗೆ ಮಾರಿದ್ದು 2007ರಲ್ಲಿ, ಪೇಟೆ ಕುಸಿಯುವುದಕ್ಕೆ ಕೆಲವೇ ತಿಂಗಳ ಮುಂಚೆ. ಈ ವ್ಯಾಪಾರದ ನಾಡಿ ಬಲ್ಲವರು ಯಾವಾಗ ಹೊರನಡೆಯುತ್ತಾರೆ ಎಂಬುದು, ಹೊರಗಿನಿಂದ ಒಳಬರುವವರು ಗಮನಿಸಬೇಕಾದ ಸಂಗತಿ.

ಖರ್ಚಿನ ಕಡೆ ನೋಡಿದರೆ ಲಾಭ ಏಕೆ ಇಷ್ಟು ಓಲಾಡುತ್ತದೆ ಎಂದು ತಿಳಿಯುತ್ತದೆ. ಗಾಜಿನ ಮುಂಭಾಗದ ಶಾಖೆಗಳು, ಬಣ್ಣ ಬಳಿದ ಮಿನಿ ಕಾರುಗಳು, ತಿಂಗಳ ಸಂಬಳದ ಸಿಬ್ಬಂದಿ: ಮನೆ ಮಾರಿದರೂ ಮಾರದಿದ್ದರೂ ಇವುಗಳ ಬಿಲ್ಲು ಬರುತ್ತಲೇ ಇರುತ್ತದೆ. 2015ರಲ್ಲಿ ಫಾಕ್ಸ್‌ಟನ್ಸಿನ ಆದಾಯ ಸುಮಾರು 15 ಕೋಟಿ ಪೌಂಡ್, ತೆರಿಗೆಗೆ ಮುಂಚಿನ ಲಾಭ 4.1 ಕೋಟಿ. ಎರಡು ವರ್ಷದ ನಂತರ ಆದಾಯ 11.8 ಕೋಟಿಗೆ ಇಳಿಯಿತು. ಲಾಭ 65 ಲಕ್ಷ ಪೌಂಡಿಗೆ ಬಂತು. ಆದಾಯದಲ್ಲಿ ಐದನೇ ಒಂದು ಭಾಗ ಹೋದದ್ದಕ್ಕೆ ಲಾಭದ ಆರರಲ್ಲಿ ಐದು ಪಾಲು ಕರಗಿತು. 2018ರಲ್ಲಿ ಕಂಪನಿ ನಷ್ಟ ತೋರಿಸಿತು. ಒಳ್ಳೆಯ ವರ್ಷಗಳಲ್ಲಿ ಇದೇ ಚಕ್ರ ತಿರುವುಮುರುವಾಗಿ ತಿರುಗಿ ವಿಶೇಷ ಲಾಭಾಂಶವನ್ನೂ ಕೊಟ್ಟಿತ್ತು. ಹಾಗಾಗಿಯೇ 2014-15ರಲ್ಲಿ ಕೊಂಡವರಿಗೆ ಇದು ನಿಶ್ಚಿಂತೆಯ ಡಿವಿಡೆಂಡ್ ಷೇರಿನಂತೆ ಕಂಡದ್ದು.

ಇಂಥ ಕಂಪನಿಯನ್ನು ತೆರಿಗೆ ಮುಟ್ಟುವುದು ಕೊಳ್ಳುವವರ ಮೂಲಕ. ಇಂಗ್ಲೆಂಡಿನಲ್ಲಿ ಮನೆ ಕೊಂಡವರು ವ್ಯವಹಾರ ಮುಗಿದ 14 ದಿನಗಳೊಳಗೆ ಮುದ್ರಾಂಕ ತೆರಿಗೆ ಕಟ್ಟಬೇಕು. 2014ರ ಡಿಸೆಂಬರ್ 3ರ ತನಕ ಅದು ಮೆಟ್ಟಿಲು ಪದ್ಧತಿಯಲ್ಲಿತ್ತು: 2,50,000 ಪೌಂಡಿನ ಮನೆಗೆ ಶೇ 1ರಂತೆ 2,500, ಒಂದು ಪೌಂಡ್ ಹೆಚ್ಚಾದರೆ ಇಡೀ ಮೊತ್ತಕ್ಕೆ ಶೇ 3, ಅಂದರೆ 7,500. ಕರ್ನಾಟಕದಲ್ಲಿ ಹೊಸ ಫ್ಲಾಟಿನ ಮೊದಲ ನೋಂದಣಿಗೆ 45 ಲಕ್ಷ ದಾಟಿದೊಡನೆ ಮುದ್ರಾಂಕ ಶುಲ್ಕ ಶೇ 3ರಿಂದ 5ಕ್ಕೆ ಹಾರುವುದನ್ನು ಕಂಡವರಿಗೆ ಇದರ ಪರಿಣಾಮ ಹೇಳಿಕೊಡಬೇಕಿಲ್ಲ. ಗಡಿಯ ಕೆಳಗೇ ಬೆಲೆಗಳು ಗುಂಪುಗಟ್ಟುತ್ತವೆ. ಹಣಕಾಸು ಸಚಿವ ಜಾರ್ಜ್ ಆಸ್ಬೋರ್ನ್ ಇದನ್ನು ತೆಗೆದು, ಆದಾಯ ತೆರಿಗೆಯಂತೆ ಹಂತ ಹಂತವಾಗಿ ಏರುವ ದರ ತಂದರು. 9,37,500 ಪೌಂಡಿನ ಕೆಳಗಿನವರಿಗೆ ತೆರಿಗೆ ಇಳಿಯಿತು ಅಥವಾ ಅಷ್ಟೇ ಉಳಿಯಿತು. ಅದಕ್ಕಿಂತ ಬಹಳ ದುಬಾರಿ ಮನೆಗಳಿಗೆ ಹೊರೆ ಏರುತ್ತಾ ಹೋಯಿತು: 15 ಲಕ್ಷ ಪೌಂಡಿನ ಮನೆಗೆ 75,000 ಇದ್ದದ್ದು 93,750, 50 ಲಕ್ಷದ ಮನೆಗೆ 3,50,000 ಇದ್ದದ್ದು 5,13,750. ದೇಶದ ಬಹುಪಾಲು ಜನರಿಗೆ ಅನುಕೂಲವಾದ ಸುಧಾರಣೆ ನಡು ಲಂಡನ್ನಿನಲ್ಲಿ ಅಂಗಡಿ ಇಟ್ಟವರಿಗೆ ಮಾತ್ರ ಪೆಟ್ಟು ಕೊಟ್ಟಿತು. ಆದರೂ ಷೇರಿನ ಇಳಿತವನ್ನೆಲ್ಲ ಆಸ್ಬೋರ್ನ್ ತಲೆಗೆ ಕಟ್ಟುವುದು ಸರಿಯಲ್ಲ. ಮಾರಾಟ ತಗ್ಗಿದೆ ಎಂದು ಕಂಪನಿಯೇ ಅದೇ ವರ್ಷದ ಅಕ್ಟೋಬರಿನಲ್ಲಿ ಎಚ್ಚರಿಸಿ, ಷೇರು ಆಗಲೇ ಬಿದ್ದಾಗಿತ್ತು.

ಹೇರಿದ ತೆರಿಗೆಗಿಂತ ಹೇರಬಹುದಾದ ತೆರಿಗೆ ಈ ಷೇರನ್ನು ಹೆಚ್ಚು ಕಾಡಿದೆ. 2015ರ ಚುನಾವಣೆಗೆ ಮುಂಚೆ ಲೇಬರ್ ಪಕ್ಷ 20 ಲಕ್ಷ ಪೌಂಡಿಗಿಂತ ಹೆಚ್ಚಿನ ಮನೆಗಳ ಮೇಲೆ ವಾರ್ಷಿಕ ತೆರಿಗೆ ಹಾಕುವುದಾಗಿ ಹೇಳಿತ್ತು. ಮೇ 8ರ ಬೆಳಿಗ್ಗೆ ಕನ್ಸರ್ವೇಟಿವ್ ಪಕ್ಷ ಗೆದ್ದ ಸುದ್ದಿ ಬರುತ್ತಲೇ ಫಾಕ್ಸ್‌ಟನ್ಸ್ ಮತ್ತು ಇನ್ನೊಂದು ದಲ್ಲಾಳಿ ಕಂಪನಿ ಸ್ಯಾವಿಲ್ಸ್ ಷೇರುಗಳು ಜಿಗಿದವು. ಕಂಪನಿ ಆ ರಾತ್ರಿ ಒಂದು ಮನೆಯನ್ನೂ ಹೆಚ್ಚಾಗಿ ಮಾರಿರಲಿಲ್ಲ. ಬರಬಹುದಾಗಿದ್ದ ತೆರಿಗೆ ಬರುವುದಿಲ್ಲ ಎಂಬುದಕ್ಕೇ ಪೇಟೆ ಬೆಲೆ ಕಟ್ಟಿತು.

ಆ ಸರ್ಕಾರವೇ ಆರು ತಿಂಗಳಲ್ಲಿ ಬೇರೆ ತೆರಿಗೆ ತಂದಿತು. ಎರಡನೇ ಮನೆ ಅಥವಾ ಬಾಡಿಗೆಗೆಂದು ಕೊಳ್ಳುವ ಮನೆಗೆ ಶೇ 3ರ ಹೆಚ್ಚುವರಿ ತೆರಿಗೆ ಎಂದು 2015ರ ನವೆಂಬರಿನಲ್ಲಿ ಸಾರಿತು. ಜಾರಿ 2016ರ ಏಪ್ರಿಲ್ 1ಕ್ಕೆ. ನಡುವಿನ ನಾಲ್ಕು ತಿಂಗಳು ಏನಾಯಿತೆಂದು ಊಹಿಸುವುದು ಕಷ್ಟವಲ್ಲ. ಬಾಡಿಗೆಗೆ ಕೊಡಲು ಮನೆ ಹುಡುಕುತ್ತಿದ್ದವರೆಲ್ಲ ಮಾರ್ಚ್ ಮುಗಿಯುವುದರೊಳಗೆ ಕಾಗದಪತ್ರ ಮುಗಿಸಲು ಓಡಿದರು. ಮಾರ್ಚ್ ತಿಂಗಳ ಸಂಖ್ಯೆ ಉಬ್ಬಿತು, ಏಪ್ರಿಲ್ ಬರಿದಾಯಿತು. ಜೂನ್ 23ಕ್ಕೆ ಯುರೋಪ್ ಒಕ್ಕೂಟ ಬಿಡುವ ಜನಮತ ಬಂತು. ಜೂನ್ 27ಕ್ಕೆ ಫಾಕ್ಸ್‌ಟನ್ಸ್ ಲಾಭ ತಗ್ಗುವುದೆಂದು ಘೋಷಿಸಿತು, ಷೇರು ನೆಲಕಚ್ಚಿತು. ಪತ್ರಿಕೆಗಳು ದೂರನ್ನು ಬ್ರೆಕ್ಸಿಟ್ ಮೇಲೆ ಹೊರಿಸಿದವು. ಜನಮತದ ಪಾಲು ದೊಡ್ಡದು, ನಿಜ. ಆದರೆ ಆ ವರ್ಷದ ಎರಡನೇ ಅರ್ಧದಲ್ಲಿ ಆಗಬೇಕಿದ್ದ ಮಾರಾಟಗಳಲ್ಲಿ ಒಂದಿಷ್ಟು ಆಗಲೇ ಮಾರ್ಚಿನಲ್ಲಿ ಮುಗಿದುಹೋಗಿದ್ದವು ಎಂಬುದನ್ನು ಕಡಿಮೆ ಜನ ಗಮನಿಸಿದರು.

ರಿಯಾಯಿತಿಯೂ ಇದೇ ಆಟ ಆಡುತ್ತದೆ. ಕೋವಿಡ್ ಕಾಲದಲ್ಲಿ, 2020ರ ಜುಲೈ 8ರಿಂದ 2021ರ ಜೂನ್ 30ರವರೆಗೆ, ಐದು ಲಕ್ಷ ಪೌಂಡಿನವರೆಗೆ ಮುದ್ರಾಂಕ ತೆರಿಗೆಯೇ ಇರಲಿಲ್ಲ. ಉಳಿತಾಯ ಗರಿಷ್ಠ 15,000 ಪೌಂಡ್. ಜೂನ್ ಕೊನೆಯಲ್ಲಿ ಮಾರಾಟ ದಾಖಲೆ ಮುಟ್ಟಿ ಜುಲೈಯಲ್ಲಿ ಪಾತಾಳಕ್ಕಿಳಿಯಿತು. 2022ರ ಸೆಪ್ಟೆಂಬರಿನ ಸಡಿಲಿಕೆ 2025ರ ಮಾರ್ಚ್ 31ಕ್ಕೆ ಮುಗಿದಾಗಲೂ ಹಾಗೆಯೇ. ಮೊದಲ ಬಾರಿಗೆ ಮನೆ ಕೊಳ್ಳುವವರಿಗೆ 4,25,000 ಪೌಂಡಿನ ಫ್ಲಾಟಿಗೆ ಮಾರ್ಚ್ 31ರಂದು ಸೊನ್ನೆ, ಏಪ್ರಿಲ್ 1ರಂದು 6,250 ಪೌಂಡ್. ಇಂಥ ಗಡುವಿಗೆ ಮುಂಚಿನ ತ್ರೈಮಾಸಿಕದ ಫಲಿತಾಂಶ ನೋಡಿ ಷೇರು ಕೊಳ್ಳುವವರು ಮುಂದಿನ ತ್ರೈಮಾಸಿಕದ ಸಾಲವನ್ನೂ ಜೊತೆಗೇ ಕೊಂಡಿರುತ್ತಾರೆ.

2025ರ ಬೇಸಿಗೆಯ ಕೊನೆಗೆ ವದಂತಿಗಳು ಮತ್ತೆ ಶುರುವಾದವು. ಐದು ಲಕ್ಷ ಪೌಂಡಿಗಿಂತ ದೊಡ್ಡ ಮನೆಗಳಿಗೆ ಮುದ್ರಾಂಕ ತೆರಿಗೆ ಕಿತ್ತು, ಮಾರುವವರ ಮೇಲೆ ಬೇರೆ ತೆರಿಗೆ ಹಾಕಲು ಖಜಾನೆ ಯೋಚಿಸುತ್ತಿದೆ ಎಂದು ಆಗಸ್ಟಿನಲ್ಲಿ ಪತ್ರಿಕೆಗಳು ಬರೆದವು. ಬಜೆಟ್ ಇದ್ದದ್ದು ನವೆಂಬರ್ 26ಕ್ಕೆ. ಮೂರು ತಿಂಗಳು ಕೊಳ್ಳುವವರಿಗೂ ಮಾರುವವರಿಗೂ ಕಾಯಲು ಒಳ್ಳೆಯ ನೆಪ ಸಿಕ್ಕಿತು. ಕೊನೆಗೆ ಹಣಕಾಸು ಸಚಿವೆ ರೇಚೆಲ್ ರೀವ್ಸ್ ಮುದ್ರಾಂಕ ತೆರಿಗೆಯನ್ನು ಮುಟ್ಟಲಿಲ್ಲ. ಬಂದದ್ದು ಹತ್ತು ವರ್ಷದ ಹಿಂದಿನ ಆ ಹಳೆಯ ಯೋಚನೆಯ ಇನ್ನೊಂದು ರೂಪ: 20 ಲಕ್ಷ ಪೌಂಡ್ ಮೀರಿದ ಮನೆಗಳಿಗೆ 2028ರ ಏಪ್ರಿಲಿನಿಂದ ವರ್ಷಕ್ಕೆ 2,500ರಿಂದ 7,500 ಪೌಂಡಿನ ಹೆಚ್ಚುವರಿ ಮನೆಗಂದಾಯ. ಅಷ್ಟು ಬೆಲೆಯ ಮನೆಯ ಮುದ್ರಾಂಕ ತೆರಿಗೆಯ ಮುಂದೆ ಇದು ಚಿಲ್ಲರೆ. ಷೇರಿಗೆ ನೋವಾದದ್ದು ಕಾದ ತಿಂಗಳುಗಳಿಂದ.

ಕಾಯುವಿಕೆ ಲೆಕ್ಕಪುಸ್ತಕಕ್ಕೆ ಬರುವುದು ತಡವಾಗಿ. ಇಂಗ್ಲೆಂಡಿನಲ್ಲಿ ಕೊಳ್ಳುವವರು ಬೆಲೆ ಹೇಳಿ, ಮಾರುವವರು ಒಪ್ಪಿದರೂ ಕರಾರು ಪತ್ರಗಳ ವಿನಿಮಯವಾಗುವ ತನಕ ಇಬ್ಬರನ್ನೂ ಏನೂ ಕಟ್ಟಿಹಾಕುವುದಿಲ್ಲ. ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ಬಜೆಟ್ ಸುದ್ದಿ ಕೇಳಿ ಹಿಂದೆ ಸರಿದವರಿಗೆ ದಂಡವಿಲ್ಲ, ದಲ್ಲಾಳಿಗೆ ಕಮಿಷನ್ನೂ ಇಲ್ಲ. ಆದ್ದರಿಂದ ಕಂಪನಿಯ ಪ್ರಕಟಣೆಗಳಲ್ಲಿ ಹೆಚ್ಚು ಮಾತಾಡುವ ಅಂಕಿ ಕಳೆದ ತ್ರೈಮಾಸಿಕದ ಆದಾಯವಲ್ಲ. ಬೆಲೆ ಒಪ್ಪಿಗೆಯಾಗಿ ಕರಾರು ಬಾಕಿ ಇರುವ ಮನೆಗಳ ಮೌಲ್ಯ. ಇದರ ಜೊತೆಗೆ ಬ್ರಿಟಿಷ್ ತೆರಿಗೆ ಇಲಾಖೆ ಪ್ರತಿ ತಿಂಗಳು ಹೊರಡಿಸುವ ಮನೆ ಮಾರಾಟ ಸಂಖ್ಯೆಯನ್ನು ಇಟ್ಟು ನೋಡಿದರೆ ಸಾಕಷ್ಟು ತಿಳಿಯುತ್ತದೆ. ಇವೆರಡೂ ಉಚಿತ.

ಇಷ್ಟೆಲ್ಲ ಹೇಳಿದ ಮೇಲೆ, ಇಂದಿನ ಫಾಕ್ಸ್‌ಟನ್ಸನ್ನು ಮನೆ ಮಾರುವ ಕಂಪನಿ ಎನ್ನುವುದೇ ಅರ್ಧ ಸತ್ಯ. 2024ರಲ್ಲಿ ಅದರ ಸುಮಾರು 16.4 ಕೋಟಿ ಪೌಂಡ್ ಆದಾಯದಲ್ಲಿ ಮೂರನೇ ಎರಡು ಭಾಗ ಬಂದದ್ದು ಬಾಡಿಗೆ ವ್ಯವಹಾರದಿಂದ. 2021ರಲ್ಲಿ ಡಗ್ಲಸ್ ಅಂಡ್ ಗಾರ್ಡನ್ ಕೊಂಡದ್ದರಿಂದ ಹಿಡಿದು ಸಣ್ಣ ಬಾಡಿಗೆ ಏಜೆನ್ಸಿಗಳನ್ನು ಅದು ಒಂದೊಂದಾಗಿ ನುಂಗುತ್ತಾ ಬಂದಿದೆ. ಮಾರಾಟ ನಿಂತರೂ ಜನ ಎಲ್ಲಾದರೂ ವಾಸಿಸಲೇಬೇಕು; ಬಾಡಿಗೆ ಏರಿದರೆ ಕಮಿಷನ್ನೂ ಏರುತ್ತದೆ. ಹಾಗೆಂದು ಇದು ಸುರಕ್ಷಿತ ಕೋಟೆಯೇನೂ ಅಲ್ಲ. 2019ರ ಜೂನ್‌ನಲ್ಲಿ ಬಾಡಿಗೆದಾರರಿಂದ ಶುಲ್ಕ ಪಡೆಯುವುದು ನಿಷೇಧವಾಯಿತು. ಮನೆ ಮಾಲೀಕರಿಗೆ ಸಾಲದ ಬಡ್ಡಿಯ ಮೇಲಿದ್ದ ತೆರಿಗೆ ವಿನಾಯಿತಿ 2020ರ ಹೊತ್ತಿಗೆ ಶೇ 20ಕ್ಕೆ ಸೀಮಿತವಾಯಿತು. ಎರಡನೇ ಮನೆಯ ಹೆಚ್ಚುವರಿ ದರ 2024ರ ಅಕ್ಟೋಬರ್ 31ರಿಂದ ಶೇ 5ಕ್ಕೇರಿತು. 2025ರ ಬಜೆಟ್ಟಿನ ಪ್ರಕಾರ ಬಾಡಿಗೆ ಆದಾಯದ ತೆರಿಗೆ 2027ರ ಏಪ್ರಿಲಿನಿಂದ ಪ್ರತಿ ಹಂತದಲ್ಲೂ ಎರಡು ಶೇಕಡಾಂಶ ಹೆಚ್ಚುತ್ತದೆ. ಇವೊಂದೊಂದೂ ಸಹಿಸಬಹುದಾದವೇ. ಎಲ್ಲ ಸೇರಿದಾಗ ಸಣ್ಣ ಮಾಲೀಕರು ಮನೆ ಮಾರಿ ಹೊರನಡೆಯುತ್ತಾರೆ; ಆಗ ದಲ್ಲಾಳಿಗೆ ಒಂದು ಸಲದ ಮಾರಾಟ ಕಮಿಷನ್ ಸಿಕ್ಕಿ, ವರ್ಷವರ್ಷವೂ ಬರುತ್ತಿದ್ದ ಬಾಡಿಗೆ ಕಮಿಷನ್ ಹೋಗುತ್ತದೆ. ಈ ಷೇರಿನ ದೀರ್ಘಕಾಲದ ಅಪಾಯ ಇರುವುದು ಇಲ್ಲಿ, ಮುದ್ರಾಂಕ ತೆರಿಗೆಯ ಗದ್ದಲದಲ್ಲಿ ಅಲ್ಲ.

ಹೆಚ್ಚುವರಿ ದರಗಳು ಬೆಂಗಳೂರಿನವರನ್ನೂ ಮುಟ್ಟುತ್ತವೆ. ಎರಡನೇ ಮನೆ ಎಂದು ಲೆಕ್ಕ ಹಾಕುವಾಗ ಜಗತ್ತಿನ ಯಾವ ಮೂಲೆಯ ಮನೆಯನ್ನೂ ಬ್ರಿಟಿಷ್ ಕಾನೂನು ಎಣಿಸುತ್ತದೆ. ಜಯನಗರದಲ್ಲಿ ಸ್ವಂತ ಮನೆ ಇರುವವರು ಅಲ್ಲಿಂದಲೇ ಲಂಡನ್ನಿನಲ್ಲಿ ಐದು ಲಕ್ಷ ಪೌಂಡಿನ ಫ್ಲಾಟ್ ಕೊಂಡರೆ ಮೂಲ ತೆರಿಗೆ 15,000. ಎರಡನೇ ಮನೆಯೆಂದು 25,000. 2021ರಿಂದ ಜಾರಿಯಲ್ಲಿರುವ ವಿದೇಶವಾಸಿಗಳ ಶೇ 2ರ ಲೆಕ್ಕದಲ್ಲಿ ಇನ್ನೂ 10,000. ಒಟ್ಟು 50,000 ಪೌಂಡ್. ನಡು ಲಂಡನ್ನಿನ ಹೊಸ ಫ್ಲಾಟುಗಳಿಗೆ ಹೊರದೇಶದ ಕೊಳ್ಳುವವರನ್ನು ನೆಚ್ಚಿದ ದಲ್ಲಾಳಿಗಳಿಗೆ ಇದು ಸಣ್ಣ ಸಂಗತಿಯಲ್ಲ.

ಇದೇ ವ್ಯಾಪಾರದ ಬೇರೆ ಷೇರುಗಳ ಕಥೆಯೂ ಕೇಳಬೇಕಾದದ್ದು. ಕಂಟ್ರಿವೈಡ್ 2013ರಲ್ಲಿ 350 ಪೆನ್ಸಿಗೆ ಪೇಟೆಗೆ ಬಂದು, ಸಾಲದಲ್ಲಿ ಮುಳುಗಿ, 50 ಷೇರನ್ನು ಒಂದಾಗಿಸಿ, 2021ರಲ್ಲಿ ಕಾನೆಲ್ಸ್ ಕಂಪನಿಗೆ 395 ಪೆನ್ಸಿಗೆ ಹೋಯಿತು. ಹಳೆಯ ಷೇರಿನ ಲೆಕ್ಕದಲ್ಲಿ ಅದು 8 ಪೆನ್ಸಿಗೂ ಕಡಿಮೆ. ಶಾಖೆಗಳೇ ಬೇಡ, ನಿಗದಿತ ಶುಲ್ಕ ಸಾಕು ಎಂದು ಹೊರಟ ಪರ್ಪಲ್‌ಬ್ರಿಕ್ಸ್ 2015ರಲ್ಲಿ 100 ಪೆನ್ಸಿಗೆ ಬಂದು, ಮೇಲೇರಿ, 2023ರಲ್ಲಿ ತನ್ನ ವ್ಯಾಪಾರವನ್ನು ಒಂದೇ ಒಂದು ಪೌಂಡಿಗೆ ಮಾರಿತು. ಶಾಖೆಯ ಖರ್ಚನ್ನು ಫ್ರಾಂಚೈಸಿಯವರಿಗೆ ಬಿಟ್ಟು ಪಾಲು ಮಾತ್ರ ತೆಗೆದುಕೊಳ್ಳುವ ವಿಂಕ್‌ವರ್ತ್‌ನಂಥ ಕಂಪನಿಗಳು ಸದ್ದಿಲ್ಲದೆ ಲಾಭಾಂಶ ಕೊಡುತ್ತಾ ಉಳಿದಿವೆ.

ಸಣ್ಣ ಹೂಡಿಕೆದಾರರ ಸ್ವಂತ ತೆರಿಗೆಯೂ ಈ ಕೆಲವು ವರ್ಷಗಳಲ್ಲಿ ಬಿಗಿಯಾಗಿದೆ. ಲಂಡನ್ನಿನ ಮುಖ್ಯ ಪೇಟೆಯಲ್ಲಿ ಷೇರು ಕೊಂಡರೆ ಸಾಮಾನ್ಯವಾಗಿ ಶೇ 0.5ರ ಮುದ್ರಾಂಕ ತೆರಿಗೆ ಇದೆ. ಸಣ್ಣ ಕಂಪನಿಗಳ ಏಮ್ ಪೇಟೆಯಲ್ಲಿ 2014ರಿಂದ ಅದಿಲ್ಲ, ವಿಂಕ್‌ವರ್ತ್ ಇರುವುದು ಅಲ್ಲಿ. ತೆರಿಗೆಯಿಲ್ಲದ ಲಾಭಾಂಶದ ಮಿತಿ ವರ್ಷಕ್ಕೆ 5,000 ಪೌಂಡ್ ಇದ್ದದ್ದು 2024ರ ಹೊತ್ತಿಗೆ 500ಕ್ಕೆ ಇಳಿಯಿತು. ಬಂಡವಾಳ ಲಾಭದ ವಿನಾಯಿತಿ 12,300ರಿಂದ 3,000ಕ್ಕೆ ಬಂತು. ವರ್ಷಕ್ಕೆ 20,000 ಪೌಂಡಿನವರೆಗೆ ಹಾಕಬಹುದಾದ ಐಎಸ್‌ಎ ಖಾತೆಯೊಳಗೆ ಷೇರು ಇಟ್ಟವರಿಗೆ ಈ ಎರಡು ಮಿತಿಗಳ ಚಿಂತೆಯಿಲ್ಲ. ಆದರೆ ಆ ಖಾತೆಯೊಳಗೆ ಆದ ನಷ್ಟವನ್ನು ಬೇರೆ ಷೇರಿನ ಲಾಭದಲ್ಲಿ ಕಳೆಯಲು ಬರುವುದಿಲ್ಲ. 230 ಪೆನ್ಸಿಗೆ ಫಾಕ್ಸ್‌ಟನ್ಸ್ ಕೊಂಡು ಐಎಸ್‌ಎಯಲ್ಲಿಟ್ಟವರಿಗೆ ತೆರಿಗೆ ಲೆಕ್ಕದಲ್ಲಿ ಅಷ್ಟರ ಸಮಾಧಾನವೂ ಉಳಿಯಲಿಲ್ಲ.