‘ಊರು ಕೇರಿ’ಯ ನೊಗ: ನಮ್ಮ ಪ್ರಬೋಧನೆಗಳ ಬಗ್ಗೆ ಒಂದು ತಕರಾರು

ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರು ಕೇರಿ’ಯ ಆರಂಭದಲ್ಲಿ ಬರುವ ಹೊಲದ ಪ್ರಸಂಗವನ್ನು ತಪಸ್ಸುಕಾಲದ ಪ್ರಬೋಧನೆಗಳಲ್ಲಿ ನಾನು ಒಂದಕ್ಕಿಂತ ಹೆಚ್ಚು ಬಾರಿ ಬಳಸಿದ್ದೇನೆ. ನನ್ನ ವಿದ್ಯಾರ್ಥಿಗಳೂ ಬಳಸುತ್ತಾರೆ. ಇಬ್ಬರು ಮನುಷ್ಯರ ಹೆಗಲ ಮೇಲೆ ನೊಗವಿದೆ, ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ, ದೂರದಲ್ಲಿ ನಿಂತ ಹುಡುಗ ನೋಡುತ್ತಿದ್ದಾನೆ. ನಾವು ಈ ಚಿತ್ರವನ್ನು ಹೇಳಿ, ಕೇಳುವವರ ಕಣ್ಣು ತೇವವಾದ ಕೂಡಲೇ ಕ್ಷಮೆಯ ಮಾತಿಗೆ ಹೊರಳುತ್ತೇವೆ. ಇಷ್ಟೆಲ್ಲ ಕಂಡೂ ಲೇಖಕರು ನಗುನಗುತ್ತ ಬರೆದರಲ್ಲ, ದ್ವೇಷವನ್ನು ಗೆದ್ದರಲ್ಲ ಎನ್ನುತ್ತೇವೆ. ಈ ಓದು ತಪ್ಪೆಂದು ನನಗೀಗ ಅನ್ನಿಸುತ್ತಿದೆ. ತಪ್ಪು ಸಾಹಿತ್ಯ ವಿಮರ್ಶೆಯದ್ದು ಮಾತ್ರವಲ್ಲ, ದೈವಶಾಸ್ತ್ರದ್ದೂ ಹೌದು.

ಪ್ರಸಂಗದ ಕ್ರಮವನ್ನು ಗಮನಿಸಬೇಕು. ಹುಡುಗನಿಗೆ ಮೊದಲು ಆಗುವುದು ನೋವಲ್ಲ, ಮೋಜು. ಮನುಷ್ಯರು ಎತ್ತುಗಳಂತೆ ನಡೆಯುವುದು ಅವನಿಗೆ ತಮಾಷೆಯಾಗಿ ಕಾಣುತ್ತದೆ. ನೊಗ ಹೊತ್ತವರಲ್ಲಿ ಒಬ್ಬರು ತನ್ನ ತಂದೆಯೆಂದು ತಿಳಿದ ಕ್ಷಣದಲ್ಲಿ ಸಂಕಟ ಹುಟ್ಟುತ್ತದೆ. ಪಕ್ಕದಲ್ಲಿ ನಿಂತ ಹೆಂಗಸರು ಅಯ್ಯೋ ಎಂದು ನಿಟ್ಟುಸಿರಿಟ್ಟಾಗ ಆ ಸಂಕಟ ಇಮ್ಮಡಿಸುತ್ತದೆ. ಇದಾವುದರ ಅರಿವೂ ಇಲ್ಲದ ತಂದೆ ಹೊಲ ಸುತ್ತುತ್ತಲೇ ಇರುತ್ತಾರೆ.

ಹಾಗಾದರೆ ಇಲ್ಲಿ ನಗು ಮೊದಲು, ಗುರುತು ಆಮೇಲೆ, ನೋವು ಅದಕ್ಕೂ ಆಮೇಲೆ. ದಲಿತ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ಕ್ರಮ ತುಸು ತೊಡಕಿನದು. 1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ಅವರು ಮಾಡಿದ ಭಾಷಣದಿಂದ ಆ ಚಿಂತನೆಯ ಆರಂಭವನ್ನು ಗುರುತಿಸುತ್ತಾರೆ. ನಿರ್ಮಲ್ ಅವರಿಗೆ ವೇದನೆಯೇ ಅರಿವಿನ ಮೂಲ. ಕ್ರಿಯೆ ಅದರ ನಂತರದ್ದು. ಸಿದ್ಧಲಿಂಗಯ್ಯನವರ ಹೊಲದಲ್ಲಾದರೋ ವೇದನೆಗೂ ಮುನ್ನ ಇನ್ನೊಂದು ಸಂಗತಿಯಿದೆ: ಇವನು ನನ್ನವನೆಂಬ ಅರಿವು. ಅದು ಬರುವ ತನಕ ಎಂಥ ಕ್ರೌರ್ಯವೂ ನೋಟಕನಿಗೆ ಬರೀ ದೃಶ್ಯ. ಅಮೆರಿಕದ ಕರಿಯರ ದೈವಶಾಸ್ತ್ರಕ್ಕೆ 1969ರಲ್ಲಿ ರೂಪ ಕೊಟ್ಟ ಜೇಮ್ಸ್ ಕೋನ್ ಅವರ ಎದುರಿಗೆ ಕಣ್ಣಿಗೆ ಕಾಣುವ ಬಣ್ಣದ ಗೆರೆಯಿತ್ತು. ನಮ್ಮ ಊರಿಗೂ ಕೇರಿಗೂ ನಡುವೆ ಅಂಥ ಗೆರೆಯಿಲ್ಲ. ಮುಖ ಒಂದೇ, ಮಾತು ಒಂದೇ, ಬೆವರೂ ಒಂದೇ. ಆದರೂ ಗುರುತು ಹತ್ತುವುದಿಲ್ಲ. ಜಾತಿ ಜನಾಂಗಭೇದವೇ ಅಲ್ಲವೇ ಎಂದು 2001ರ ಡರ್ಬನ್ ಸಮ್ಮೇಳನದ ಸುತ್ತ ನಡೆದ ವಾದವನ್ನು ಈ ಪುಟದ ಪಕ್ಕದಲ್ಲಿಟ್ಟು ಓದಿದರೆ, ವಾದಿಸಿದ ಎರಡು ಕಡೆಯವರೂ ತುಸು ಅವಸರಪಟ್ಟಂತೆ ತೋರುತ್ತದೆ.

ಮಂಚನಬೆಲೆಯಲ್ಲಿ ಅಣೆಕಟ್ಟಿಗೆ ತಡೆದ ಅರ್ಕಾವತಿಯೇ ಕೆಳಗೆ ಹರಿದು ಕನಕಪುರ ದಾಟಿ ಹಾರೋಬೆಲೆಯಲ್ಲಿ ಮತ್ತೆ ನಿಲ್ಲುತ್ತದೆ. 1954ರಲ್ಲಿ ಸಿದ್ಧಲಿಂಗಯ್ಯ ಹುಟ್ಟಿದ್ದು ಆ ಮಂಚನಬೆಲೆಯಲ್ಲಿ. ನಾನು ಈ ಪ್ರಸಂಗವನ್ನು ಸರಿಯಾಗಿ ಕೇಳಿಸಿಕೊಂಡದ್ದು ಇದೇ ಸೀಮೆಯ ಮರಳವಾಡಿ ಹೋಬಳಿಯ ಒಂದು ಊರಿನಲ್ಲಿ. ಬಲಿಪೂಜೆಯ ಬಳಿಕ ಕೆಲವರು ಜಗಲಿಯಲ್ಲಿ ಕುಳಿತಿದ್ದಾಗ ಆ ಪುಟವನ್ನು ಓದಿ ಹೇಳಿದೆ. ಯಾರೂ ಕಣ್ಣೀರಿಡಲಿಲ್ಲ. ಎಳವೆಯಲ್ಲಿ ಜೀತಕ್ಕಿದ್ದ ಹಿರಿಯರೊಬ್ಬರು ನಕ್ಕುಬಿಟ್ಟರು. “ಎತ್ತಿಗಾದ್ರೆ ಮಧ್ಯಾಹ್ನ ಹುಲ್ಲು ನೀರು ಕೊಡ್ಲೇಬೇಕು ಸ್ವಾಮಿ. ಸತ್ರೆ ದುಡ್ಡು ಕೊಟ್ಟು ಬೇರೆ ತರಬೇಕು. ಆಳು ಸತ್ರೆ ಮಗ ಇದ್ದನಲ್ಲ!” ಎಂದರು.

ಜೀತದ ಅರ್ಥಶಾಸ್ತ್ರವನ್ನು ಇದಕ್ಕಿಂತ ಅಡಕವಾಗಿ ಹೇಳಿದ್ದನ್ನು ನಾನು ಕೇಳಿಲ್ಲ. ಎತ್ತು ಬಂಡವಾಳ, ಸವೆಯುವಂಥದ್ದು. ಜೀತದಾಳು ಸಾಲ, ತಲೆಮಾರಿನಿಂದ ತಲೆಮಾರಿಗೆ ತಾನೇ ಮರಿಹಾಕುವಂಥದ್ದು. ಆ ಹಿರಿಯರ ನಗುವಿನಲ್ಲಿ ಕ್ಷಮೆಯಿರಲಿಲ್ಲ, ಲೆಕ್ಕವಿತ್ತು. ‘ಊರು ಕೇರಿ’ಯ ನಗುವೂ ಇದೇ ಜಾತಿಯದೆಂದು ನನ್ನ ವಾದ. ಡಿ.ಆರ್. ನಾಗರಾಜ್ ಅವರು ಈ ಕೃತಿಯ ಬಗ್ಗೆ ಬರೆಯುತ್ತ ಬಡವರ ನಗುವನ್ನು ಒಂದು ಶಕ್ತಿಯೆಂದು ಕರೆದರು. ಅದು ಸರಿಯೇ. ಆದರೆ ನಾವು ಅಧ್ಯಾತ್ಮದವರು ಆ ಶಕ್ತಿಯನ್ನು ಸಾತ್ವಿಕತೆಯೆಂದು ತಿದ್ದಿಕೊಂಡೆವು. ನಿಟ್ಟುಸಿರು ಸಂಕಟವನ್ನು ಇಮ್ಮಡಿಸುತ್ತದೆಂದು ಬಾಲ್ಯದಲ್ಲೇ ಕಂಡವರು, ಬೆಳೆದು ಬರೆಯುವಾಗ ಓದುಗನಿಗೆ ನಿಟ್ಟುಸಿರಿಡಲು ಎಡೆಯನ್ನೇ ಕೊಡುವುದಿಲ್ಲ. 1975ರ ‘ಹೊಲೆಮಾದಿಗರ ಹಾಡು’ ಸಂಕಲನದ ಸಿಟ್ಟು ಆರಿಹೋಗಿ ನಗುವಾಯಿತೆಂದು ನನಗನ್ನಿಸದು. ಅದು ಬಾಗಿಲು ಬದಲಿಸಿತು, ಅಷ್ಟೇ. ಆ ಹೆಂಗಸರನ್ನು ನಾನು ದೂರುತ್ತಿಲ್ಲ. ನಿಟ್ಟುಸಿರಿಗಿಂತ ಹೆಚ್ಚಿನದು ಅವರ ಕೈಯಲ್ಲಿರಲಿಲ್ಲ. ಪ್ರಬೋಧನ ಪೀಠದ ಮೇಲೆ ನಿಂತವನಿಗೆ ಆ ವಿನಾಯಿತಿಯಿಲ್ಲ.

ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯ ಈ ವಿಷಯದಲ್ಲಿ ನಮಗಿಂತ ಖಡಾಖಂಡಿತವಾಗಿದೆ. ಏಳನೆಯ ವರ್ಷ ಗುಲಾಮನನ್ನು ಬಿಡುಗಡೆ ಮಾಡುವಾಗ ಬರಿಗೈಯಲ್ಲಿ ಕಳಿಸಬಾರದು. ಹಿಂಡಿನಿಂದ, ಕಣದಿಂದ, ದ್ರಾಕ್ಷಿಯ ಆಲೆಯಿಂದ ಅವನಿಗೆ ಪಾಲು ಸಲ್ಲಬೇಕು. ನಮ್ಮಲ್ಲಿ 1975ರ ಸುಗ್ರೀವಾಜ್ಞೆ ಮತ್ತು 1976ರ ಕಾಯಿದೆ ಜೀತದ ಸಾಲವನ್ನು ಅಳಿಸಿದವು. 1978ರ ಕೇಂದ್ರ ಯೋಜನೆ ಬಿಡುಗಡೆಯಾದವನ ಪುನರ್ವಸತಿಗೆಂದು ಇಟ್ಟ ಮೊತ್ತ 4,000 ರೂಪಾಯಿ. ಕಣದ ಪಾಲು ಅದರಲ್ಲಿರಲಿಲ್ಲ. ಹೀಗೆ ಬರಿಗೈಯಾದ ಮನೆಗಳಿಗೆ ಮತ್ತೆ ಮುಂಗಡ ಬೇಕಾಯಿತು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರೇಷ್ಮೆ ಉದ್ಯಮದ ಜೀತಮಕ್ಕಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕರ್ನಾಟಕವೂ ಇದೆ. ಅಪ್ಪ ಪಡೆದ ಮುಂಗಡಕ್ಕೆ ಮಗುವಿನ ಬೆರಳು ಬಿಸಿನೀರಿನಲ್ಲಿ ಗೂಡಿನ ಎಳೆ ಹುಡುಕುತ್ತಿತ್ತು. ನೊಗ ಹೊಲದಿಂದ ಬಾಣಲೆಗೆ ಬಂದಿತ್ತು.

ಧರ್ಮಸಭೆಯ ಮಾತನ್ನೂ ಆಡಬೇಕು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ಹೊರತಂದ ದಲಿತ ಸಬಲೀಕರಣ ನೀತಿ, ಅಸ್ಪೃಶ್ಯತೆ ನಮ್ಮೊಳಗೂ ಇದೆಯೆಂದು ಒಪ್ಪಿಕೊಂಡಿತು. 1950ರ ರಾಷ್ಟ್ರಪತಿ ಆದೇಶ ಕ್ರೈಸ್ತ ದಲಿತರನ್ನು ಪರಿಶಿಷ್ಟರ ಪಟ್ಟಿಯಿಂದ ಹೊರಗಿಟ್ಟಿದೆಯೆಂದು ನಾವು ಸರ್ಕಾರವನ್ನು ಪ್ರಶ್ನಿಸುತ್ತೇವೆ, ಪ್ರಶ್ನಿಸಬೇಕು. ಆದರೆ ನಾನು ಕಿರಿಯ ಗುರುವಾಗಿದ್ದಾಗ ಒಂದು ಧರ್ಮಕೇಂದ್ರದ ಸಮಾಧಿಭೂಮಿಯ ನಡುವೆ ಮೋಟುಗೋಡೆಯೊಂದನ್ನು ಕಂಡೆ. ಯಾಕೆಂದು ಕೇಳಿದರೆ ದನ ಬರದಿರಲೆಂದು ಎಂಬ ಉತ್ತರ ಬಂತು. ಆ ಉತ್ತರವನ್ನು ನಾನು ಆಗ ಒಪ್ಪಿಕೊಂಡೆ. ಹುಡುಗನ ಮೋಜಿಗೂ ನನ್ನ ಆ ಒಪ್ಪಿಗೆಗೂ ವ್ಯತ್ಯಾಸವೆಂದರೆ, ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಈ ವರ್ಷ ತರಗತಿಯಲ್ಲಿ ಈ ಪ್ರಸಂಗವನ್ನು ಸದಯ ಸಮಾರಿತನ ಸಾಮತಿಯೊಂದಿಗೆ ಓದಿದೆವು. ನನ್ನ ಟಿಪ್ಪಣಿಯೆಲ್ಲ ತಂದೆ ಮತ್ತು ಮಗನ ಸುತ್ತಲೇ ಇತ್ತು. ಕೊನೆಗೆ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಗುರುಗಳೇ, ನೊಗ ಹೊತ್ತವರು ಇಬ್ಬರು. ತಂದೆಯಲ್ಲದ ಆ ಇನ್ನೊಬ್ಬರ ಬಗ್ಗೆ ನಾವು ಏನೂ ಹೇಳಲಿಲ್ಲವಲ್ಲ?” ಎಂದ. ಗಂಟೆ ಹೊಡೆದಿತ್ತು. ಆದರೂ ಪುಸ್ತಕ ತೆರೆದು ಆ ಪುಟವನ್ನು ಮೊದಲಿನಿಂದ ಮತ್ತೆ ಓದಿದೆವು.