ಜೊತೆಗಾರನೋ, ಆಳೋ?

ಕಥೆಯ ನಾಯಕನಿಗೆ ಜೊತೆಗೊಬ್ಬ ಬೇಕು. ಇಲ್ಲದಿದ್ದರೆ ಅವನ ಮನಸ್ಸಿನ ಮಾತು ನಮಗೆ ಕೇಳುವುದಾದರೂ ಹೇಗೆ? ಅಮೆರಿಕದ ಚಿತ್ರಕಥೆಗಳ ಬ್ಯಾಟ್‌ಮನ್‌ಗೂ ಇದೇ ತೊಡಕು ಬಂತು. ಬಾವಲಿಯ ವೇಷ ತೊಟ್ಟು ರಾತ್ರಿ ಹೊತ್ತು ಕೇಡಿಗಳನ್ನು ಹಿಡಿಯುವ ಈ ಶ್ರೀಮಂತ ಹುಟ್ಟಿದ್ದು 1939ರಲ್ಲಿ. ಸದಾ ತನ್ನೊಳಗೇ ಯೋಚಿಸುವ ಇವನಿಗೆ ಮಾತಾಡಲು ಒಬ್ಬ ಬೇಕೆಂದು ಬರಹಗಾರ ಬಿಲ್ ಫಿಂಗರ್‌ಗೆ ಅನ್ನಿಸಿತು. ಹಾಗೆ 1940ರ ಏಪ್ರಿಲ್ ತಿಂಗಳ ‘ಡಿಟೆಕ್ಟಿವ್ ಕಾಮಿಕ್ಸ್’ 38ನೆಯ ಸಂಚಿಕೆಯಲ್ಲಿ ರಾಬಿನ್ ಎಂಬ ಹುಡುಗ ಬಂದ. ಹೆಸರು ರಾಬಿನ್ ಹುಡ್‌ನಿಂದ ತಂದದ್ದು.

ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ರಜೆಗೆ ತಳಕಲ್ಲಿಗೆ ಬಂದಾಗ ಈ ಕಥೆಯ ಮರುಮುದ್ರಣ ತಂದಿದ್ದ. “ಅತ್ತೀ, ಇದನ್ನೊಮ್ಮಿ ಓದಿ ನೋಡ್ರಿ” ಎಂದ. ಮಕ್ಕಳ ಚಿತ್ರಕಥೆಯೆಂದರೆ ಮೂಗು ಮುರಿಯುವ ಶಿಕ್ಷಕಿ ನಾನಲ್ಲ. ಕೂತಲ್ಲೇ ಓದಿ ಮುಗಿಸಿದೆ. ಪುಸ್ತಕ ಕೆಳಗಿಟ್ಟ ಮೇಲೂ ಆ ಹುಡುಗ ನನ್ನ ಮನಸ್ಸಿನಿಂದ ಇಳಿಯಲಿಲ್ಲ.

ಕಥೆ ಇಷ್ಟು. ಡಿಕ್ ಗ್ರೇಸನ್ ಎಂಬ ಹುಡುಗ ಅಪ್ಪ ಅಮ್ಮನ ಜೊತೆ ಸರ್ಕಸ್ಸಿನಲ್ಲಿ ಜೋಕಾಲಿಯಿಂದ ಜೋಕಾಲಿಗೆ ಹಾರುವ ಆಟ ಆಡುತ್ತಾನೆ. ಹಣ ಕೊಡದ ಸರ್ಕಸ್ ಮಾಲೀಕನಿಗೆ ಬುದ್ಧಿ ಕಲಿಸಲು ಜೂಕೋ ಎಂಬ ಪುಂಡನ ಕಡೆಯವರು ಹಗ್ಗಕ್ಕೆ ಆ್ಯಸಿಡ್ ಹಾಕುತ್ತಾರೆ. ಜನರ ಕಣ್ಣೆದುರಿಗೇ ಗಂಡ ಹೆಂಡತಿ ಬಿದ್ದು ಸಾಯುತ್ತಾರೆ. ಚಿಕ್ಕಂದಿನಲ್ಲಿ ತಾನೂ ತಂದೆತಾಯಿಯ ಕೊಲೆ ಕಂಡ ಬ್ಯಾಟ್‌ಮನ್ ಈ ಅನಾಥನನ್ನು ಕರೆದೊಯ್ಯುತ್ತಾನೆ. ಮೇಣದಬತ್ತಿಯ ಬೆಳಕಿನಲ್ಲಿ ಅನ್ಯಾಯದ ವಿರುದ್ಧ ಹೋರಾಡುವ ಆಣೆ ಹಾಕಿಸುತ್ತಾನೆ. ಪಟ್ಟು ಕಲಿಸುತ್ತಾನೆ. ಕೊನೆಗೆ ಕಟ್ಟುತ್ತಿರುವ ದೊಡ್ಡ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಈ ಹುಡುಗ ಪುಂಡರ ಜೊತೆ ಒಬ್ಬನೇ ಸೆಣಸುತ್ತಾನೆ. ಅವನ ಆಯುಧ ಕವಣೆ! ಜೋಳ ಹಾಲ್ದೆನೆಗೆ ಬಂದಾಗ ಅಟ್ಟಣಿಗೆ ಹತ್ತಿ ಹಕ್ಕಿ ಓಡಿಸುವ ನಮ್ಮ ಹುಡುಗರ ಕವಣೆ.

ಕಥೆಯಲ್ಲಿ ಮೆಚ್ಚಬೇಕಾದದ್ದೂ ಇದೆ. ದುಃಖದಲ್ಲಿರುವ ಮಗುವಿಗೆ ಬರೀ ಅಯ್ಯೋ ಪಾಪ ಸಾಲದು, ಮಾಡಲಿಕ್ಕೆ ಏನಾದರೂ ಬೇಕು ಎಂಬ ಸತ್ಯ ಇದನ್ನು ಬರೆದವರಿಗೆ ಗೊತ್ತಿತ್ತು. ಒಂದೇ ನೋವು ಉಂಡ ಇಬ್ಬರು ಪರಸ್ಪರ ಗುರುತಿಸಿಕೊಳ್ಳುವ ಚಿತ್ರ ನಿಜಕ್ಕೂ ಚೆನ್ನಾಗಿದೆ.

ಆದರೆ ಅಳುವುದಕ್ಕೆ ಆ ಹುಡುಗನಿಗೆ ಎಷ್ಟು ಜಾಗ ಕೊಟ್ಟಿದ್ದಾರೆ? ಕೆಲವೇ ಚೌಕಗಳು. ಪುಟ ತಿರುವುವಷ್ಟರಲ್ಲಿ ಕೆಂಪು ಹಸಿರು ಹಳದಿಯ ಬಟ್ಟೆ ತೊಟ್ಟು ನಗುತ್ತ ಜಿಗಿಯುತ್ತಾನೆ. ಅವನು ಬಂದದ್ದು ದೊಡ್ಡವನಿಗೆ ಮಾತಿನ ಜೊತೆ ಬೇಕಿತ್ತೆಂದು. ಕೊಳ್ಳುವ ಮಕ್ಕಳಿಗೆ ತಮ್ಮಂಥ ಹುಡುಗನೊಬ್ಬ ಕಾಣಬೇಕಿತ್ತೆಂದು. ಮಾರಾಟ ಹೆಚ್ಚು ಕಡಿಮೆ ಇಮ್ಮಡಿಯಾಯಿತಂತೆ. ಹುಡುಗನಿಗೆ ಏನು ಬೇಕಿತ್ತೆಂದು ಕೇಳಿದವರು ಯಾರು?

ಇದು ಅಮೆರಿಕದ ಮಾತಷ್ಟೇ ಅಲ್ಲ. ಜಾತ್ರೆಯಲ್ಲಿ ದೊಂಬರ ಮಗು ಹಗ್ಗದ ಮೇಲೆ ನಡೆಯುವಾಗ ಕೆಳಗೆ ಡೋಲು ಬಾರಿಸುವ ಅಪ್ಪನಿಗೆ ನಾವೆಲ್ಲ ಚಿಲ್ಲರೆ ಹಾಕಿದವರೇ. ನನ್ನ ತರಗತಿಯ ಹುಡುಗನೊಬ್ಬನ ತಂದೆ ತೀರಿಕೊಂಡ ಮೂರನೆಯ ದಿನ, ಮಾತಾಡಿಸಲು ಬಂದ ಹಿರಿಯರೊಬ್ಬರು ಅವನ ತಲೆ ಸವರಿ, “ಇನ್ನ ಮ್ಯಾಲೆ ಮನಿಗೆ ನೀನಽ ಗಂಡಸು, ಅವ್ವಗ ಜೋಡಾಗಬೇಕಪಾ” ಎಂದರು. ಮಾತಿನಲ್ಲಿ ಪ್ರೀತಿಯೇ ಇತ್ತು. ಬೀಜದ ಹತ್ತಿಯ ಹಂಗಾಮು ಬಂದಾಗ ಹುಡುಗ ಕ್ರಾಸಿಂಗ್ ಕೆಲಸಕ್ಕೆ ಹೋದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಸಾಲೇ ಬೆಳೆಯಿತು. ಅವನಿಗೆ ಯಾರೂ ಬಣ್ಣದ ವೇಷ ತೊಡಿಸಲಿಲ್ಲ, ಅಷ್ಟೇ ವ್ಯತ್ಯಾಸ.

ನಮ್ಮ ಕಥೆಗಳಲ್ಲಿ ಮಕ್ಕಳು ಯುದ್ಧಕ್ಕೆ ಹೋಗುವುದಿಲ್ಲವೇ ಎಂದು ನೀವು ಕೇಳಬಹುದು. ಹೋಗುತ್ತಾರೆ. ಅಭಿಮನ್ಯುವಿನ ಕಥೆಯನ್ನು ಹಾಡಿದ ಕುಮಾರವ್ಯಾಸನ ಗದಗು ನಮ್ಮೂರಿಗೆ ದೂರವೇನಲ್ಲ. ಆದರೆ ಭಾರತ ಆ ಹುಡುಗನ ಪರಾಕ್ರಮವನ್ನಷ್ಟೇ ಹೇಳಿ ಸುಮ್ಮನಾಗುವುದಿಲ್ಲ. ಕಳಿಸಿದ ಧರ್ಮರಾಯ ಮರುಗುತ್ತಾನೆ. ಅರ್ಜುನ ಕುಸಿಯುತ್ತಾನೆ. ಸುಭದ್ರೆಯ ಗೋಳು ನಮ್ಮ ಕಿವಿಗೂ ಬೀಳುತ್ತದೆ. ಮಗುವನ್ನು ಮುಂದೆ ಬಿಟ್ಟ ದೊಡ್ಡವರು ಲೆಕ್ಕ ಕೊಡಲೇಬೇಕು. ರಾಬಿನ್ನನ ಈ ಮೊದಲ ಕಥೆಯಲ್ಲಿ ಆ ಲೆಕ್ಕವಿಲ್ಲ. ಕಾಯದೇ ಒಬ್ಬನೇ ನುಗ್ಗಿದ್ದಕ್ಕೆ ಗದರಿಸಿ ಮುಗಿಸುತ್ತಾರೆ. ಸರ್ಕಸ್ಸಿಗೆ ಹೋಗುತ್ತೀಯಾ ಎಂದರೆ, ಇಲ್ಲ, ಇಲ್ಲೇ ಇರುತ್ತೇನೆ ಎನ್ನುತ್ತಾನೆ ಹುಡುಗ. ಇನ್ನೇನು ಹೇಳಿಯಾನು? ಮನೆಯಿಲ್ಲದವನಿಗೆ ಅದೇ ಮನೆ.

ಲೆಕ್ಕ ಕೇಳುವ ದಿನ ಮುಂದೆ ಬಂತು, ಅದೂ ವಿಚಿತ್ರವಾಗಿ. ಡಿಕ್ ಬೆಳೆದು ಬೇರೆಯಾದ ಮೇಲೆ ಜೇಸನ್ ಟಾಡ್ ಎಂಬ ಎರಡನೆಯ ರಾಬಿನ್ ಬಂದಿದ್ದ. 1988ರಲ್ಲಿ ಪ್ರಕಾಶಕರು ಎರಡು ಫೋನ್ ನಂಬರ್ ಕೊಟ್ಟು, ಈ ಹುಡುಗ ಬದುಕಬೇಕೇ ಸಾಯಬೇಕೇ ಎಂದು ಓದುಗರನ್ನೇ ಕೇಳಿದರು. ಬದುಕಲಿ ಎಂದ ಕರೆಗಳು 5,271. ಸಾಯಲಿ ಎಂದವು 5,343. ಬರೀ 72 ಕರೆಗಳ ಅಂತರದಲ್ಲಿ ಹುಡುಗ ಸತ್ತ. ಕಾಗದದ ಹುಡುಗ ತಾನೇ ಎನ್ನಬಹುದು. ಆದರೂ ಆ ಎರಡು ಸಂಖ್ಯೆಗಳನ್ನು ನೋಡುವಾಗ, ಹಗ್ಗದ ಕೆಳಗೆ ಚಪ್ಪಾಳೆ ತಟ್ಟುತ್ತ ನಿಂತ ಗುಂಪೇ ನನಗೆ ನೆನಪಾಗುತ್ತದೆ.

ನಿಮ್ಮ ಮಕ್ಕಳ ಕೈಯಲ್ಲಿ ಇಂಥ ಪುಸ್ತಕ ಕಂಡರೆ ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು ನೀವೂ ಓದಿ. ಮೇಣದಬತ್ತಿಯ ಪುಟ ಬಂದಾಗ ಮೆಲ್ಲಗೆ ಕೇಳಿ: ಈ ಹುಡುಗ ಆ ರಾತ್ರಿ ಊಟ ಮಾಡಿದನೇ? ಮರುದಿನ ಸಾಲಿಗೆ ಹೋದನೇ? ಅವನ ಅವ್ವನ ನೆನಪು ಯಾರ ಮುಂದೆ ಹೇಳಿಕೊಂಡ? ಉತ್ತರ ಪುಸ್ತಕದಲ್ಲಿ ಸಿಗುವುದಿಲ್ಲ. ಮಕ್ಕಳೇ ಹೇಳುತ್ತಾರೆ.