ಮಾತು ಸಾಲದೆ, ಏಳು ಹೆಜ್ಜೆಯೇ ಬೇಕೆ?

ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಹಿರಿಯರು, ಗೆಳೆಯರ ಎದುರು ವಧುವರರು ಪ್ರತಿಜ್ಞೆ ಮಾಡುತ್ತಾರೆ. 1966ರಲ್ಲಿ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಹೀಗೆಯೇ ಮದುವೆಯಾದರು. ಇಂಥ ಮದುವೆಗಳನ್ನು ನಾವು ಮೆಚ್ಚುತ್ತೇವೆ. ಆದರೆ ಕಾನೂನು ಇದನ್ನು ಮದುವೆ ಎನ್ನುತ್ತದೆಯೇ ಎಂದು ಕೇಳಿಕೊಂಡದ್ದು ಕಡಿಮೆ.

1955ರ ಹಿಂದೂ ವಿವಾಹ ಕಾಯ್ದೆಯ 7ನೇ ಕಲಮನ್ನು ಓದೋಣ. ವಧು ಅಥವಾ ವರನ ಕಡೆಯ ರೂಢಿಯ ವಿಧಿಗಳಂತೆ ಮದುವೆ ನಡೆಯಬೇಕು. ಆ ವಿಧಿಯಲ್ಲಿ ಸಪ್ತಪದಿ ಇದ್ದರೆ ಏಳನೆಯ ಹೆಜ್ಜೆಗೆ ಮದುವೆ ಪೂರ್ಣ. ರೂಢಿ ಎಂದರೆ ಬಹುಕಾಲದಿಂದ ಎಡೆಬಿಡದೆ ನಡೆದು ಬಂದದ್ದು ಎಂದೂ ಕಾಯ್ದೆ ಹೇಳುತ್ತದೆ. ತೊಡಕು ಇರುವುದು ಇಲ್ಲಿಯೇ. ಸುಧಾರಣೆ ಯಾವಾಗಲೂ ಹೊಸದು. ಕಾನೂನು ಕೇಳುವುದು ಹಳೆಯದನ್ನು.

ತಮಿಳುನಾಡು ಈ ಪೆಟ್ಟನ್ನು ಮೊದಲೇ ತಿಂದಿತ್ತು. ಪೆರಿಯಾರರ ಸ್ವಾಭಿಮಾನ ವಿವಾಹಗಳು ಸಿಂಧುವಲ್ಲ ಎಂದು 1953ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. 1967ರಲ್ಲಿ ಅಣ್ಣಾದೊರೈ ಸರ್ಕಾರ ಕಾಯ್ದೆಗೆ 7ಎ ಕಲಮನ್ನು ಸೇರಿಸಿತು. ಬಂಧುಗಳು, ಸ್ನೇಹಿತರು ಅಥವಾ ಇತರರ ಎದುರು ತಮಗೆ ತಿಳಿಯುವ ಭಾಷೆಯಲ್ಲಿ ಪರಸ್ಪರ ಒಪ್ಪಿಕೊಂಡರೆ, ಇಲ್ಲವೆ ಹಾರವನ್ನೋ ಉಂಗುರವನ್ನೋ ತೊಡಿಸಿದರೆ, ಇಲ್ಲವೆ ತಾಳಿ ಕಟ್ಟಿದರೆ ಸಾಕು. ಹಿಂದೆ ನಡೆದ ಅಂಥ ಮದುವೆಗಳಿಗೂ ಮಾನ್ಯತೆ ಸಿಕ್ಕಿತು. ಜನ ಬಾಳಿದ್ದನ್ನು ಶಾಸಕಾಂಗ ಶಬ್ದಕ್ಕಿಳಿಸಿತು. ಕರ್ನಾಟಕ ಮಂತ್ರಮಾಂಗಲ್ಯವನ್ನು ಕೊಂಡಾಡಿತು, ಕಾನೂನನ್ನು ಮುಟ್ಟಲಿಲ್ಲ.

ನೋಂದಣಿ ಮಾಡಿಸಿದರೆ ಮುಗಿಯಿತಲ್ಲ ಎನ್ನಬಹುದು. 2024ರಲ್ಲಿ ಸುಪ್ರೀಂ ಕೋರ್ಟ್ ಆ ಭರವಸೆಯನ್ನೂ ಅಲುಗಿಸಿತು. ವಿಧಿಯೇ ನಡೆಯದಿದ್ದರೆ ಪ್ರಮಾಣಪತ್ರವೊಂದೇ ಹಿಂದೂ ವಿವಾಹವನ್ನು ಸೃಷ್ಟಿಸದು ಎಂದಿತು. ಆ ಪ್ರಕರಣದ ಜೋಡಿ ಯಾವ ಸಮಾರಂಭವನ್ನೂ ನಡೆಸದೆ ಪತ್ರ ಪಡೆದಿತ್ತು. ಕಾಗದದ ಮದುವೆಯನ್ನು ತಡೆಯುವ ನ್ಯಾಯಾಲಯದ ಕಾಳಜಿಯನ್ನು ನಾವು ಒಪ್ಪುತ್ತೇವೆ. ಆದರೆ ಸುಳ್ಳು ಮದುವೆಯನ್ನು ಹಿಡಿಯಲು ಒಡ್ಡಿದ ಬಲೆ ನಿಜವಾದ ಮದುವೆಯನ್ನೂ ಹಿಡಿದರೆ?

ಇದು ಪಂಡಿತರ ಜಿಜ್ಞಾಸೆಯಲ್ಲ. ವಿಧಿ ಪೂರ್ಣವಾಗದಿದ್ದರೆ ನಷ್ಟ ಹೆಚ್ಚಾಗಿ ಹೆಣ್ಣಿನದು. 1965ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ, ಎರಡನೆಯ ಮದುವೆಗೆ ಬೇಕಾದ ವಿಧಿಗಳು ನಡೆದದ್ದು ಸಾಬೀತಾಗಲಿಲ್ಲವೆಂದು ಸುಪ್ರೀಂ ಕೋರ್ಟ್ ಗಂಡನನ್ನು ದ್ವಿಪತ್ನಿತ್ವದ ಆರೋಪದಿಂದ ಬಿಡುಗಡೆ ಮಾಡಿತು. ಶಾಸ್ತ್ರದ ಕೊರತೆಯೇ ಅವನಿಗೆ ರಕ್ಷೆಯಾಯಿತು. ಹೆಂಡತಿಯ ಜೀವನಾಂಶ, ಆಸ್ತಿಯ ಪ್ರಶ್ನೆ ಬಂದಾಗಲೂ ಎದುರಾಳಿ ವಕೀಲರು ಮೊದಲು ಕೆದಕುವುದು ಇದನ್ನೇ.

1954ರ ವಿಶೇಷ ವಿವಾಹ ಕಾಯ್ದೆ ಇದೆಯಲ್ಲ ಎಂಬ ಉತ್ತರವಿದೆ. ಅಲ್ಲಿ ಮದುವೆಯ ರೂಪವನ್ನು ಜೋಡಿಯೇ ಆರಿಸಿಕೊಳ್ಳಬಹುದು. ಮೂವರು ಸಾಕ್ಷಿಗಳು ಮತ್ತು ಅಧಿಕಾರಿಯ ಎದುರು ಒಪ್ಪಿಗೆಯ ಮಾತು ಸಾಕು. ಆದರೆ ಅದಕ್ಕೂ ಮುಂಚೆ 30 ದಿನಗಳ ನೋಟಿಸು ಕಚೇರಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ಇರಬೇಕು. ಜಾತಿ, ಧರ್ಮ ಮೀರಿ ಮದುವೆಯಾಗುವವರಿಗೆ ಆ ಹಾಳೆ ಅಪಾಯದ ಆಹ್ವಾನಪತ್ರ. ನೋಟಿಸಿನ ಪ್ರಕಟಣೆ ಜೋಡಿಯ ಇಚ್ಛೆಗೆ ಬಿಟ್ಟದ್ದು ಎಂದು 2021ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿದ್ದು ಸುಮ್ಮನೆ ಅಲ್ಲ.

ನಿಕಾಹ್‌ನಲ್ಲೂ ತಿರುಳು ಸಾಕ್ಷಿಗಳೆದುರಿನ ಒಪ್ಪಿಗೆಯೇ. ಮಂತ್ರಮಾಂಗಲ್ಯದ್ದೂ ಅದೇ ತಿರುಳು. ವಿವಾಹ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವ ವಿಷಯ. ತಮಿಳುನಾಡು ತಿದ್ದಿದಂತೆ ನಮ್ಮ ವಿಧಾನಸಭೆಯೂ ತಿದ್ದಬಹುದು. ಕುವೆಂಪು ಹೆಸರಿನಲ್ಲಿ ಭಾಷಣ ಮಾಡುವವರು ಒಂದು ಕಲಮನ್ನಾದರೂ ಬರೆಯಲಿ.